ವೈದ್ಯರ ಅಳುಕು, ಮನೆಯವರ ಆಸೆ



ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿರುವ ಹನಕೆರೆಯಲ್ಲಿ ಈಚೆಗೆ ಭಕ್ತರೊಬ್ಬರ ಮನೆಗೆ ಬಿಜಯಮಾಡಿದ್ದೆವು. ಪ್ರಸಾದ ಮುಗಿದ ಮೇಲೆ ಮನೆಯ ಹಿರಿಯ ತಾಯಿ ಬಳಿಗೆ ಬಂದು ತಗ್ಗಿದ ದನಿಯಲ್ಲಿ ತಮ್ಮ ಸಂಕಟ ತೋಡಿಕೊಂಡರು. ಶಸ್ತ್ರಚಿಕಿತ್ಸೆಯ ಎರಡು ಹೆರಿಗೆಗಳಿಂದ ಸೊರಗಿದ್ದ ಸೊಸೆ ಮತ್ತೆ ಎರಡು ತಿಂಗಳ ಗರ್ಭಿಣಿ. ಮೂರನೆಯದನ್ನು ತಾಳುವ ಶಕ್ತಿ ಆಕೆಗಿಲ್ಲವೆಂದು ಹೇಳಿದ ವೈದ್ಯರೇ ಚಿಕಿತ್ಸೆಗೆ ಹಿಂಜರಿದಿದ್ದರು. “ಗಂಡನ ರುಜು ಇಲ್ದೆ ಆಗಾಕಿಲ್ಲ, ಬೇರೆ ಕಡೆ ನೋಡ್ಕಳಿ ಅಂದ್ಬುಟ್ರು ಬುದ್ಧಿ. ಮಗ ದೂರದೂರಲ್ಲವ್ನೆ. ನಾವೇನ್ ಕಳ್ತನ ಮಾಡ್ತಿದ್ವಾ?” ಎಂದು ಆ ತಾಯಿ ಕೇಳಿದರು.

ಅಲ್ಲ ತಾಯಿ, ಕಳ್ಳತನವಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯು 1972ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2021ರ ತಿದ್ದುಪಡಿಯ ಪ್ರಕಾರ, ತಾಯಿಯ ದೇಹಕ್ಕೋ ಮನಸ್ಸಿಗೋ ಗಂಭೀರ ಹಾನಿಯಾಗುವಂತಿದ್ದರೆ 20 ವಾರಗಳವರೆಗೆ ಅರ್ಹ ವೈದ್ಯರೊಬ್ಬರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಗುರಿಯಾದವರಂಥ ಕೆಲವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೂ ಅವಕಾಶವುಂಟು. 18 ವರ್ಷ ತುಂಬಿ, ಬುದ್ಧಿಸ್ವಾಧೀನವುಳ್ಳ ಹೆಣ್ಣುಮಗಳ ಸ್ವಂತ ಒಪ್ಪಿಗೆಯೇ ಸಾಕು. ಗಂಡನ ರುಜುವನ್ನು ಶಾಸನ ಕೇಳಿಯೇ ಇಲ್ಲ. ಆಕೆಯ ಹೆಸರನ್ನು ಬಯಲು ಮಾಡಿದ ವೈದ್ಯರಿಗೆ ಶಿಕ್ಷೆಯೂ ಉಂಟು.

ಹಾಗಾದರೆ ವೈದ್ಯರಿಗೆ ಅಳುಕೇಕೆ? ದಂಡಶಾಸನದಲ್ಲಿ ಗರ್ಭಪಾತ ಇಂದಿಗೂ ಅಪರಾಧವೇ. 1971ರ ಕಾಯಿದೆ ಅದಕ್ಕೊಂದು ವಿನಾಯಿತಿ ಮಾತ್ರ. ಆ ವಿನಾಯಿತಿಯೂ ವೈದ್ಯರ ಪ್ರಾಮಾಣಿಕ ಅಭಿಪ್ರಾಯವನ್ನೇ ಆಧರಿಸಿದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆ ಬೇರೆಯೇ ಆದರೂ, ಎರಡನ್ನೂ ಒಂದೆಂದು ಬಗೆದು ಹೆದರುವವರು ಹಲವರು. 2023ರಲ್ಲಿ ನಮ್ಮ ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣಗಳನ್ನು ಗುರುತಿಸಿ ನಾಶಮಾಡಿಸುತ್ತಿದ್ದರೆಂಬ ಆರೋಪದ ಮೇಲೆ ವೈದ್ಯರೂ ಸೇರಿ ಹಲವರು ಬಂಧಿತರಾದರು. ಬೆಲ್ಲ ಕುದಿಯಬೇಕಾದ ಮನೆಯಲ್ಲಿ ಇಂಥದ್ದು ನಡೆಯಿತೆಂದು ಕೇಳಿ ನಾಡೇ ತಲ್ಲಣಿಸಿತು. ಹಣದಾಸೆಯ ಕೆಲವರಿಂದಾಗಿ ಪ್ರಾಮಾಣಿಕರೂ ಕೈಕಟ್ಟಿ ಕೂರುವಂತಾದರೆ ನೊಂದ ತಾಯಿ ಎಲ್ಲಿಗೆ ಹೋಗಬೇಕು?

ಅಳುಕು ಎಷ್ಟು ಘೋರವಾಗಬಲ್ಲುದೆಂಬುದಕ್ಕೆ ನಮ್ಮ ನಾಡಿನ ಮಗಳೇ ಸಾಕ್ಷಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆ ಸೇರಿದಾಗ 17 ವಾರಗಳ ಗರ್ಭಿಣಿ. ಗರ್ಭ ಉಳಿಯದೆಂದು ವೈದ್ಯರಿಗೆ ತಿಳಿದಿತ್ತು. ಗರ್ಭ ತೆಗೆಯಿರೆಂದು ಆಕೆ ಬೇಡಿದರೂ, ಶಿಶುವಿನ ಎದೆಬಡಿತ ನಿಂತಿಲ್ಲವೆಂದು ಅವರು ಕಾದರು. ನಂಜು ರಕ್ತಕ್ಕೇರಿ, 31ರ ಆ ಹೆಣ್ಣುಮಗಳು ಅಕ್ಟೋಬರ್ 28ರಂದು ತೀರಿಕೊಂಡಳು. ಆ ಸಾವು ಆ ದೇಶದ ಮನಸ್ಸನ್ನೇ ಕಲಕಿತು. 2018ರ ಜನಮತದಲ್ಲಿ ಅಲ್ಲಿಯ ಜನ ಸಂವಿಧಾನದ ನಿಷೇಧವನ್ನು ತೆಗೆದುಹಾಕಿದರು. ನಮ್ಮ ಕಾಯಿದೆಯಾದರೋ, ತಾಯಿಯ ಪ್ರಾಣ ಉಳಿಸಲು ತುರ್ತಾಗಿ ಬೇಕಾದಾಗ ವಾರಗಳ ಲೆಕ್ಕವನ್ನೂ ಎರಡನೆಯ ವೈದ್ಯರ ಅಭಿಪ್ರಾಯವನ್ನೂ ಕಾಯಬೇಕಿಲ್ಲವೆಂದು ಮೊದಲಿನಿಂದಲೇ ಹೇಳಿದೆ.

ಗರ್ಭ ತೆಗೆಸುವುದು ಹಗುರವಾದ ಸಂಗತಿಯೆಂದು ನಾವು ಹೇಳುತ್ತಿಲ್ಲ. ಆದರೆ ದಯೆಯೇ ನಮ್ಮ ಧರ್ಮವೆಂದಮೇಲೆ ಕಣ್ಣೆದುರಿನ ತಾಯಿಯೂ ಆ ದಯೆಗೆ ಪಾತ್ರಳಲ್ಲವೇ? ವೈದ್ಯರನ್ನು ದೂರುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಗಂಡು ಬೇಕೆಂಬ ನಮ್ಮ ಆಸೆಯೇ ಆಲೆಮನೆಯ ಯಂತ್ರಕ್ಕೆ ಬಂಡವಾಳ. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಸಂಸ್ಕಾರ ಮಾಡುವ ಗುರು ಅದು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಗುರು ಕೇಳದ ಪ್ರಶ್ನೆಯನ್ನು ಮನೆಯವರು ಕೇಳುವುದು ತರವೇ?

ಹನಕೆರೆಯ ಆ ಸೊಸೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಲು ತಿಳಿಸಿದೆವು. ಅಲ್ಲಿಯ ವೈದ್ಯೆಯೊಬ್ಬರು ಆಕೆಯ ರುಜುವನ್ನಷ್ಟೇ ಪಡೆದು ಚಿಕಿತ್ಸೆ ನೀಡಿದರಂತೆ. ಈಗ ಇಬ್ಬರು ಮಕ್ಕಳೊಡನೆ ಚೇತರಿಸಿಕೊಳ್ಳುತ್ತಿದ್ದಾಳೆಂದು ಆ ತಾಯಿ ಹೇಳಿಕಳುಹಿಸಿದ್ದಾರೆ. ಕಾಯಿದೆಯನ್ನು ಓದಿದ ವೈದ್ಯೆ, ಸೊಸೆಯ ಪರವಾಗಿ ಬಾಯಿಬಿಟ್ಟ ಅತ್ತೆ: ಇಂಥ ಇಬ್ಬರು ಊರೂರಿಗೂ ದೊರೆಯಲಿ.