ಹೆಸರು ಹೊಡೆಯುವ ಮುನ್ನ ಹಾಜರಿ ನೋಡಿ

ಮದರ್‌ಬೋರ್ಡ್ ಬದಲಾದ ಕಂಪ್ಯೂಟರಿನಲ್ಲಿ ಉಳಿದ ಹಳೆಯ ಡ್ರೈವರುಗಳನ್ನು ತೆಗೆಯುವುದು ರಿಪೇರಿಯವರ ಕೆಲಸ, ಶಿಕ್ಷಕರದಲ್ಲ ಎಂಬ ಮಾತನ್ನು ನಮ್ಮ ಕಾಲೇಜಿನಲ್ಲೂ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ.

ಇಂಟರ್ನ್‌ಶಿಪ್ ವೀಕ್ಷಣೆಗೆಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಹೋಗುತ್ತಿರುತ್ತೇನೆ. ಒಂದು ಪ್ರೌಢಶಾಲೆಯಲ್ಲಿ ಸುಟ್ಟುಹೋದ ಮದರ್‌ಬೋರ್ಡನ್ನು ಬದಲಿಸಿದ್ದರು. ಕಂಪ್ಯೂಟರ್ ಆನ್ ಆಯಿತು. ಆದರೆ ಪ್ರತಿ ಸಲವೂ ಹಳೆಯ ಬೋರ್ಡಿನ ಆಡಿಯೋ ಪ್ರೋಗ್ರಾಂ ದೋಷದ ಸಂದೇಶ ತೋರಿಸುತ್ತಿತ್ತು. ಲ್ಯಾಬಿನ ಐಪಿ ವಿಳಾಸ ಕೊಟ್ಟರೆ, ಅದು ಈಗಾಗಲೇ ಬೇರೊಂದು ಅಡಾಪ್ಟರಿಗೆ ಕೊಟ್ಟಿದೆ ಎಂಬ ಎಚ್ಚರಿಕೆ ಬರುತ್ತಿತ್ತು. ರಿಪೇರಿಗೆ ಬಂದವರು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದರು. ಮಕ್ಕಳು ತಮ್ಮ ಊರಿನ ಬಗ್ಗೆ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದ ಬರಹಗಳೆಲ್ಲ ಹೋದವು. ನಮ್ಮ ಪ್ರಶಿಕ್ಷಣಾರ್ಥಿ ಪಕ್ಕದಲ್ಲೇ ನಿಂತಿದ್ದರು. ಬೇರೆ ದಾರಿ ಇದೆಯೆಂದು ಹೇಳಲು ಅವರಿಗೆ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ಕಲಿಸದ ನಮ್ಮದು.

ದಾರಿ ಕಷ್ಟದ್ದೇನಲ್ಲ. ಮೊದಲು ಮಕ್ಕಳ ಕಡತಗಳ ಪ್ರತಿ ತೆಗೆದು, ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಬೇಕು. ಹಳೆಯ ಬೋರ್ಡಿನ ಜೊತೆ ಬಂದಿದ್ದ ಪ್ರೋಗ್ರಾಂಗಳನ್ನು ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆಯಬೇಕು. ನಂತರ ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಒತ್ತಿದರೆ ಈಗ ಜೋಡಣೆಯಲ್ಲಿಲ್ಲದ ಸಾಧನಗಳ ಹೆಸರುಗಳು ಮಸುಕಾಗಿ ಕಾಣುತ್ತವೆ. ವಿಂಡೋಸ್ 7ರಲ್ಲಿ ಇದಕ್ಕೆ ಮೊದಲು ಒಂದು ಸೆಟ್ಟಿಂಗ್ ಸೇರಿಸಬೇಕು. ವಿಂಡೋಸ್ 10ರಲ್ಲಿ ಬೇಕಿಲ್ಲ.

ಎಚ್ಚರ ಬೇಕಾದದ್ದು ಇಲ್ಲಿ. ಮಸುಕಾದ ಹೆಸರೆಲ್ಲ ಬೇಡದ್ದಲ್ಲ. ಹಾಜರಿ ಪುಸ್ತಕವನ್ನು ನೆನೆಯಿರಿ. ಇಂದು ಗೈರಾದ ಮಗುವೂ ಟಿ.ಸಿ. ಪಡೆದು ಹೋದ ಮಗುವೂ ತರಗತಿಯಲ್ಲಿ ಕಾಣುವುದಿಲ್ಲ. ಆದರೆ ಇಬ್ಬರ ಹೆಸರನ್ನೂ ಹೊಡೆದುಹಾಕುವ ಶಿಕ್ಷಕರಿಲ್ಲ. ಆಫ್ ಆಗಿರುವ ಪ್ರಿಂಟರ್, ಮನೆಗೆ ಒಯ್ದ ಪೆನ್‌ಡ್ರೈವ್ ಗೈರುಹಾಜರಿ. ಹಳೆಯ ಬೋರ್ಡಿನ ಲ್ಯಾನ್, ಆಡಿಯೋ ಟಿ.ಸಿ. ಪಡೆದವು. ಹಳೆಯ ಬೋರ್ಡಿನ ಮಾದರಿ ಸಂಖ್ಯೆ ನೋಡಿ, ಅದಕ್ಕೆ ಸೇರಿದ್ದೆಂದು ಖಚಿತವಾದದ್ದನ್ನು ಮಾತ್ರ ತೆಗೆಯಬೇಕು. ಅನುಮಾನವಿದ್ದರೆ ಬಿಟ್ಟುಬಿಡಬೇಕು. ಸಾಧನವೇ ಇಲ್ಲದಿದ್ದರೆ ಅದರ ಡ್ರೈವರ್ ಸಾಮಾನ್ಯವಾಗಿ ಲೋಡ್ ಆಗುವುದಿಲ್ಲ. ಪಟ್ಟಿಯಲ್ಲಿ ಹೆಸರು ಉಳಿದರೆ ಕಂಪ್ಯೂಟರ್ ನಿಧಾನವಾಗುವುದೂ ಇಲ್ಲ. ಎಲ್ಲ ಸ್ವಚ್ಛ ಮಾಡುತ್ತೇನೆಂದು ಹೊರಟರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಫಾರ್ಮ್ಯಾಟ್ ಎಂದೂ ಬೇಡ ಎನ್ನುತ್ತಿಲ್ಲ. ಇಂಟೆಲ್ ಬೋರ್ಡಿನಿಂದ ಎಎಂಡಿಗೆ ಬದಲಾಗಿ, ಕಂಪ್ಯೂಟರ್ ಮತ್ತೆ ಮತ್ತೆ ನಿಂತುಹೋಗುತ್ತಿದ್ದರೆ ಹೊಸದಾಗಿ ವಿಂಡೋಸ್ ಹಾಕುವುದೇ ಸರಿ. ಆದರೆ ಅದು ಕಡತಗಳ ಪ್ರತಿ ತೆಗೆದ ಮೇಲಿನ ಮಾತು, ಮತ್ತು ಕೊನೆಯ ಮಾತು.

ಎನ್‌ಸಿಟಿಇ 2014ರ ನಿಯಮಗಳ ಪ್ರಕಾರ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ. ಅದಕ್ಕೆ ಹೋಗುವ ಮೊದಲು, ಐಸಿಟಿ ಪ್ರಾಯೋಗಿಕದ ಎರಡು ಅವಧಿಯನ್ನು ಇದಕ್ಕೆ ಕೊಡೋಣ. ಕಾಲೇಜಿನ ಒಂದು ಹಳೆಯ ಕಂಪ್ಯೂಟರ್ ಸಾಕು. ಪ್ರಶಿಕ್ಷಣಾರ್ಥಿ ಮೂರು ಕಲಮಿನ ಪಟ್ಟಿ ಬರೆಯಲಿ: ಸಾಧನದ ಹೆಸರು, ತೆಗೆಯಬೇಕೇ ಉಳಿಸಬೇಕೇ, ಏಕೆ. ಎಷ್ಟು ತೆಗೆದರು ಎಂಬುದಕ್ಕೆ ಅಂಕ ಬೇಡ, ಮೂರನೆಯ ಕಲಮಿಗೆ ಕೊಡೋಣ. ಇದೇ ಪಟ್ಟಿ ಮುಂದೆ ಒಂಬತ್ತನೇ ತರಗತಿಗೆ ಒಳ್ಳೆಯ ಪಾಠಯೋಜನೆಯೂ ಆಗುತ್ತದೆ. ಸಾಕ್ಷಿ ನೋಡಿ ತೀರ್ಮಾನಿಸುವುದನ್ನು ಮಕ್ಕಳು ಕೈಯಾರೆ ಕಲಿಯುತ್ತಾರೆ.

ರಿಪೇರಿಯವರು ಬೋರ್ಡ್ ಬದಲಿಸಲಿ; ಅದು ಅವರ ಕೆಲಸ. ಆ ಡಿಸ್ಕಿನಲ್ಲಿ ಯಾವ ಮಗುವಿನ ಬರಹವಿದೆ ಎಂಬುದು ಶಿಕ್ಷಕರಿಗೆ ಮಾತ್ರ ಗೊತ್ತು. ಆದ್ದರಿಂದ 'ಸ್ವಲ್ಪ ತಡೆಯಿರಿ, ಮೊದಲು ನೋಡೋಣ' ಎಂದು ಹೇಳಬೇಕಾದವರೂ ಶಿಕ್ಷಕರೇ. ಹಾಗೆ ಹೇಳುವಷ್ಟು ತಿಳಿವಳಿಕೆ ಕೊಟ್ಟು ಅವರನ್ನು ಶಾಲೆಗೆ ಕಳಿಸೋಣ.