ಗಾಡಿಯ ಎಂಜಿನ್ ಹೋದರೆ ಹಸುವನ್ನೇಕೆ ಮಾರಬೇಕು?



ಕೆಚ್ಚಲು ಬಾವು, ಜಂತುಹುಳು, ಖನಿಜ ಮಿಶ್ರಣ ಎಂದು ಬರೆಯುತ್ತಿದ್ದ ನಾನು ಈ ಸಲ ಕಾರಿನ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಿಗೆ ಕಾರಿನ ಉಸಾಬರಿ ಏಕೆ ಎನ್ನಬೇಡಿ. ನಮ್ಮ ಕಡೆ ಗಾಡಿಯ ಖರ್ಚು ಎಷ್ಟೋ ಸಲ ಕೊನೆಗೆ ಕೊಟ್ಟಿಗೆಯ ಮೇಲೆಯೇ ಬೀಳುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ಹಳ್ಳಿಯಿಂದ ಫೋನ್ ಬಂತು. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡವಾಗಿತ್ತು. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೆದ್ದಾರಿ ಹಿಡಿದೆ. ರಾಜೇಶ್ವರ ಬರುವ ಮೊದಲೇ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಅಲ್ಲೇ ನಿಲ್ಲಿಸಬೇಕಿತ್ತು. ಹತ್ತು ನಿಮಿಷದ ದಾರಿ ಎಂದು ಓಡಿಸಿದೆ. ಹೊಗೆ ಎದ್ದು ಎಂಜಿನ್ ನಿಂತೇಬಿಟ್ಟಿತು. ಹಾಲಿನ ಗಾಡಿ ಹತ್ತಿ ಹೋಗಿ ಕರು ತೆಗೆದೆ. ಹಸು, ಕರು ಎರಡೂ ಉಳಿದವು. ಕಾರು ಗ್ಯಾರೇಜು ಸೇರಿತು.

ಕಾರಿಗೆ 14 ವರ್ಷ. ಕೂಲೆಂಟ್ ಸೋರಿ ಹೋಗಿತ್ತು, ಹೆಡ್ ಬಾಗಿತ್ತು, ಪಿಸ್ಟನ್ ಗೀರಿತ್ತು. ಪೂರ್ತಿ ಎಂಜಿನ್ ಕೆಲಸಕ್ಕೆ 70 ಸಾವಿರ ಎಂದರು ಮೆಕ್ಯಾನಿಕ್. ಹಾಗೇ ಕೊಟ್ಟರೆ 35 ಸಾವಿರ ಬರುತ್ತಿತ್ತು. ಮನೆಯಲ್ಲಿ ಎಲ್ಲರೂ ಹೊಸದೇ ತಗೊ ಎಂದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಇದೇ ಸರಿಯಾದ ಹೊತ್ತು ಎಂಬುದು ಅವರ ವಾದ.

ಆಗ ನನಗೆ ನೆನಪಾದದ್ದು ನೀವೇ. ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ಹಸುವನ್ನು ನೀವು ಸಿಟ್ಟಿನಲ್ಲಿ ಮಾರುವುದಿಲ್ಲ, ಮಮತೆಯಿಂದಷ್ಟೇ ಇಟ್ಟುಕೊಳ್ಳುವುದೂ ಇಲ್ಲ. ಎಷ್ಟನೇ ಸೂಲು, ಕೆಚ್ಚಲು ಹೇಗಿದೆ, ಇನ್ನೆಷ್ಟು ವರ್ಷ ಹಾಲು ಕೊಟ್ಟೀತು ಎಂದು ಲೆಕ್ಕ ಹಾಕುತ್ತೀರಿ. ನಾನೂ ಕಾರಿಗೆ ಅದೇ ಲೆಕ್ಕ ಹಾಕಿದೆ.

ಹೊಸ ಕಾರಿಗೆ 4 ಲಕ್ಷ ಸಾಲ, ಶೇ. 9 ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು ಸುಮಾರು 8,300 ರೂಪಾಯಿ. ಇದನ್ನು ಹಾಲಿನಲ್ಲಿ ಅಳೆಯಿರಿ. ಮೇವು, ಹಿಂಡಿ ಕಳೆದು ಲೀಟರಿಗೆ 10 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಆ ಕಂತು ಕಟ್ಟಲಿಕ್ಕೇ ದಿನಕ್ಕೆ 28 ಲೀಟರ್ ಹಾಲು ಹಾಕಬೇಕು. ರಿಪೇರಿಯ 70 ಸಾವಿರವನ್ನು ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 2,000 ರೂಪಾಯಿಯೂ ಆಗುವುದಿಲ್ಲ. ನನ್ನ ಕಾರಿನ ಬಾಡಿಗೆ ತುಕ್ಕು ಹಿಡಿದಿರಲಿಲ್ಲ, ಗೇರ್‌ಬಾಕ್ಸ್, ಕ್ಲಚ್ ಚೆನ್ನಾಗಿದ್ದವು. ರಿಪೇರಿಯನ್ನೇ ಮಾಡಿಸಿದೆ.

ಆದರೆ ರಿಪೇರಿಯೇ ಯಾವಾಗಲೂ ಸರಿ ಎಂದಲ್ಲ. ಮಾರುವ ಉದ್ದೇಶಕ್ಕೆ ರಿಪೇರಿ ಮಾಡಿಸಬೇಡಿ. ಓಡುವ ಸ್ಥಿತಿಯಲ್ಲಿ ನನ್ನ ಕಾರಿಗೆ 1 ಲಕ್ಷ 20 ಸಾವಿರ ಬರುತ್ತಿತ್ತು. ಅದರಲ್ಲಿ 70 ಸಾವಿರ ಕಳೆದರೆ ಕೈಗೆ 50 ಸಾವಿರ. ಕೆಟ್ಟು ನಿಂತದ್ದನ್ನೇ ಕೊಟ್ಟರೆ 35 ಸಾವಿರ. 15 ಸಾವಿರಕ್ಕಾಗಿ ತಿಂಗಳುಗಟ್ಟಲೆ ಗ್ಯಾರೇಜಿಗೆ ಓಡಾಡಬೇಕೇ?

ಈಗ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತು. ಬಸವಕಲ್ಯಾಣ ತಾಲ್ಲೂಕಿನ ಒಂದು ಮನೆಯಲ್ಲಿ ಹಳೆಯ ಜೀಪಿನ ಎಂಜಿನ್ ಹೋಯಿತು. ಅದರ ರಿಪೇರಿಗೆಂದು ಎರಡನೇ ಸೂಲಿನ, ದಿನಕ್ಕೆ 10 ಲೀಟರ್ ಕೊಡುತ್ತಿದ್ದ ಹಸುವನ್ನು ಮಾರಿದರು. ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕಿದವಳು ನಾನೇ. "ಗಾಡಿ ಇಲ್ಲದೆ ಹೆಂಗ ಅಂತಾರ ಮನಿಯವರು, ಮೇಡಂ" ಎಂದು ಆ ಅಕ್ಕ ಹಗ್ಗ ಬಿಚ್ಚಿ ಕೊಟ್ಟರು. ನಾಲ್ಕೇ ತಿಂಗಳಲ್ಲಿ ಗೇರ್‌ಬಾಕ್ಸ್ ಹೋಯಿತು. ಜೀಪು ಈಗ ಬೇವಿನ ಮರದ ಕೆಳಗಿದೆ, ಅಕ್ಕ ಒಂದೇ ಎಮ್ಮೆಯ ಹಾಲು ಹಾಕುತ್ತಿದ್ದಾರೆ. ಸಹಿ ಹಾಕುವ ಮೊದಲು ನಾನು ಒಂದು ಪ್ರಶ್ನೆಯನ್ನಾದರೂ ಕೇಳಬೇಕಿತ್ತು.

ಅದಕ್ಕೇ ಹೇಳುತ್ತಿದ್ದೇನೆ: ದುಡಿಯುವುದನ್ನು ಮಾರಿ ತಿನ್ನುವುದನ್ನು ಉಳಿಸಬೇಡಿ. ಹಾಲಿನ ಕ್ಯಾನು, ತರಕಾರಿ ಸಾಗಿಸಿ ನಿಮ್ಮ ಗಾಡಿ ನಿಜವಾಗಿ ದುಡಿಯುತ್ತಿದ್ದರೆ ಅದರ ಗಳಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮದುವೆ, ಜಾತ್ರೆಗಷ್ಟೇ ಹೊರಡುವ ಗಾಡಿಯಾದರೆ ಬಾಡಿಗೆ ಗಾಡಿಯೇ ಅಗ್ಗ.

ಹಣ ಕೊಡುವ ಮೊದಲು ಇಷ್ಟು ಕೇಳಿ. ಎಂಜಿನ್ ಬಿಟ್ಟು ಬೇರೆ ಏನೇನು ಹೋಗುವಂತಿದೆ? ಬಿಚ್ಚಿದ ಮೇಲೆ ಖರ್ಚು ಎಷ್ಟರವರೆಗೆ ಏರಬಹುದು? ಅದನ್ನು ಬರೆದು ಕೊಡುತ್ತಾರೆಯೇ? ನೋಂದಣಿಗೆ 15 ವರ್ಷ ತುಂಬಲು ಎಷ್ಟು ದಿನವಿದೆ? ಸ್ವಂತದ ಕಾರಾದರೆ ಅದಾದ ಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಬೇರೆ ಗಾಡಿಯ ಹಳೆ ಎಂಜಿನ್ ಕೂರಿಸಿದರೆ ಅದರ ಬಿಲ್ಲು ಇಟ್ಟುಕೊಂಡು, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಯಲ್ಲಿನ ಎಂಜಿನ್ ನಂಬರ್ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆಗೆ ತೊಡಕು. ಸವೆದು ಕೆಟ್ಟ ಎಂಜಿನ್‌ಗೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ, ಅದೂ ನೆನಪಿರಲಿ.

ಈ ಪ್ರಶ್ನೆಗಳನ್ನು ಗಂಡಸರೇ ಕೇಳಲಿ ಎಂದು ಬಿಡಬೇಡಿ. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆ, ಹಾಲಿನ ಹಣ ನಿಮ್ಮ ಖಾತೆಗೆ ಬರುತ್ತದೆ. ಗ್ಯಾರೇಜಿಗೆ ನೀವೂ ಹೋಗಿ, ಪಾಸ್‌ಬುಕ್ ಮುಂದಿಟ್ಟುಕೊಂಡು ಮನೆಯವರೊಂದಿಗೆ ಕುಳಿತು ಲೆಕ್ಕ ಹಾಕಿ. ಹಸು ಮಾರಲೇಬೇಕು ಎಂದಾದರೆ ಪ್ರಮಾಣಪತ್ರಕ್ಕೆ ನನ್ನ ಬಳಿ ಬನ್ನಿ. ಇನ್ನು ಮುಂದೆ ಗಾಡಿಯ ಲೆಕ್ಕ ಕೇಳಿಯೇ ನಾನು ಸಹಿ ಹಾಕುತ್ತೇನೆ.