ಗಾಯ್ ಬಂತು, ಗಾಯ ಆಯ್ತು!

ಮೊನ್ನೆ ಬೆಳಗಿನ ಗಾಡಿ ಮುಕ್ಕಾಲು ತಾಸು ಲೇಟು. ಪ್ಲಾಟ್‌ಫಾರ್ಮಿನಲ್ಲಿ ನಾವು ನಾಲ್ಕೈದು ಮಂದಿ ಮಾಸ್ತರರು ಗಡಿಯಾರ ನೋಡುತ್ತ ನಿಂತಿದ್ದೆವು. ಯಾಕೆ ತಡ ಎಂದು ಕೇಳಿದರೆ ಪಕ್ಕದ ಮರಾಠಿ ಶಾಲೆಯ ಗೆಳೆಯರು, "ಗಾಯ್ ಆಡವಿ ಆಲಿ" ಅಂದರು. ಆಕಳು ಅಡ್ಡ ಬಂತಂತೆ. ನಮ್ಮ ಜೊತೆಗಿದ್ದ ಐದನೇ ಇಯತ್ತೆಯ ಹುಡುಗ ಕಣ್ಣರಳಿಸಿ ಕೇಳಿದ: "ಗಾಡಿಗಿ ಗಾಯ ಆಗೇತೇನ್ರಿ ಸರ?"

ಎಲ್ಲರೂ ನಕ್ಕೆವು. ಅವನದೇನು ತಪ್ಪು? ಮರಾಠಿಯ 'ಗಾಯ್' ಆಕಳು, ಕನ್ನಡದ 'ಗಾಯ' ಪೆಟ್ಟು. ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಎರಡೂ ಒಂದೇ ಕಿವಿಗೆ ಬೀಳುತ್ತವೆ. ಗಡಿಯವರಿಗೆ ಇರುವ ಲಾಭವೇ ಇದು. ಒಂದು ಭಾಷೆಯವರು ಒಮ್ಮೆ ನಗುವಲ್ಲಿ ನಾವು ಎರಡು ಸಲ ನಗುತ್ತೇವೆ!

ಗಾಡಿ ಬರುವ ತನಕ ಮಾತಿನ ಆಟ ಶುರುವಾಯಿತು. ಒಬ್ಬರು ಅಂದರು, "ಸಿಗ್ನಲ್ ಹಸಿರಾದರೆ ಇಂಗ್ಲಿಷಿನಲ್ಲಿ 'ಗೋ' ಅಂತ ಅರ್ಥ. ಹಸಿರು ಕಂಡಲ್ಲಿಗೆ ಗೋವು ಹೋದರೆ ಅದು ನಿಯಮ ಪಾಲಿಸಿದ ಹಾಗೇ ಆಯ್ತಲ್ಲ!" ಸಂಸ್ಕೃತ ಓದಿದವರು ಸುಮ್ಮನಿರುತ್ತಾರೆಯೇ? "ಕಿಟಕಿಗೆ ಗವಾಕ್ಷ ಅಂತೀವಿ. ಗವಾಕ್ಷ ಅಂದರೆ ಆಕಳ ಕಣ್ಣು. ನಾವು ಆ ಕಣ್ಣಿನಿಂದ ಆಕಳನ್ನು ನೋಡ್ತೀವಿ, ಆಕಳು ತನ್ನ ಕಣ್ಣಿನಿಂದ ನಮ್ಮನ್ನು ನೋಡ್ತದೆ." ಇನ್ನೊಬ್ಬರು, "ತನಿಖೆ ಮಾಡೋರು ಅದನ್ನ ಗವೇಷಣೆ ಅಂತಲೇ ಕರೀಬೇಕು, ಆ ಶಬ್ದದ ಮೂಲ ಅರ್ಥವೇ ದನ ಹುಡುಕೋದು" ಅಂದರು. ನಮ್ಮ ಲೈನಿನ ಮೇಲೇ ದುಧನಿ ಎಂಬ ಸ್ಟೇಷನ್ ಇದೆ. ಹೆಸರಲ್ಲೇ 'ದೂಧ' ಇರುವಾಗ ಆಕಳು ಬಾರದೆ ಇರುತ್ತದೆಯೇ ಎಂದು ಮತ್ತೊಂದು ನಗೆ.

2022ರ ಮಾತೂ ಬಂತು. ಆ ವರ್ಷ ಸೆಪ್ಟೆಂಬರ್ 30ರಂದು ಮುಂಬಯಿ–ಗಾಂಧಿನಗರ ವಂದೇ ಭಾರತ್ ಶುರುವಾಯಿತು. ವಾರ ತುಂಬುವುದರೊಳಗೆ, ಅಕ್ಟೋಬರ್ 6ರಂದು, ಅಹಮದಾಬಾದಿನ ಹತ್ತಿರ ಎಮ್ಮೆಗಳಿಗೆ ಬಡಿದು ಅದರ ಮೂತಿ ಒಡೆಯಿತು. ರಿಪೇರಿ ಮಾಡಿ ಓಡಿಸಿದರೆ ಮರುದಿನ ಆಣಂದದ ಹತ್ತಿರ ಆಕಳು! "ದೇಶದ ಹೆಮ್ಮೆಗೆ ಎಮ್ಮೆ ಅಡ್ಡ" ಎಂದು ಆಗ ನಾವೂ ನಕ್ಕವರೇ.

ಈ ನಗುವಿನ ನಡುವೆ ಹುಡುಗ ಇನ್ನೊಂದು ಪ್ರಶ್ನೆ ಹಾಕಿದ: "ಆಕಳ ಏನಾತ್ರಿ ಸರ?"

ಅದನ್ನು ನಾವು ಯಾರೂ ಕೇಳಿರಲೇ ಇಲ್ಲ.

ಅಂದಿನಿಂದ ನಮಗೆ ಒಂದು ವಿಚಾರ ಕಾಡುತ್ತಿದೆ. ನಮ್ಮ ತಮಾಷೆಗಳಲ್ಲೆಲ್ಲ ತಪ್ಪು ಆಕಳದ್ದೇ. 'ಅಡ್ಡ ಬಂದದ್ದು' ಆಕಳೇ. ಆದರೆ ಮೊದಲು ಅಲ್ಲಿದ್ದವರು ಯಾರು? ಸೊಲ್ಲಾಪುರಕ್ಕೆ ರೈಲು ಬಂದದ್ದು 1860ರಲ್ಲಿ. ಹಳಿ ನಮ್ಮ ಸೀಮೆ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಅಡ್ಡಾಡುವ ದನಗಳನ್ನು ಹಿಡಿದು ದೊಡ್ಡಿಗೆ ಹಾಕುವ ಕಾಯ್ದೆ ಬಂದದ್ದೂ ಅದೇ 1871ರಲ್ಲಿ. ಮನುಷ್ಯ ಹಳಿ ಹಾಕಿದ, ಕಾಯ್ದೆಯನ್ನೂ ಮಾಡಿದ. ಆಕಳಿಗೆ ಮಾತ್ರ ಯಾರೂ ತಿಳಿಸಲಿಲ್ಲ.

ಕರ್ನಾಟಕದಲ್ಲಿ ಗೋಮಾಳ ಎನ್ನುವುದನ್ನು ನಮ್ಮಲ್ಲಿ 'ಗಾಯರಾನ' ಅನ್ನುತ್ತಾರೆ. ಊರ ದನಗಳಿಗೆಂದು ಬಿಟ್ಟ ಜಾಗ. ಅಲ್ಲಿ ಈಗ ಮನೆ, ಗೋದಾಮು, ಬಿತ್ತಿದ ಹೊಲ. ಇಂಥ ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಿರೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿದೆ. ಬೇಸಿಗೆಯಲ್ಲಿ ಊರೆಲ್ಲ ಒಣಗಿದಾಗ ಹುಲ್ಲು ಉಳಿಯುವುದು ಹಳಿಯ ಬದಿಯಲ್ಲಿ. ನೀರು ನಿಲ್ಲುವುದೂ ಏರಿಗೆ ಮಣ್ಣು ತೆಗೆದ ಗುಂಡಿಗಳಲ್ಲಿ. ದನ ಇನ್ನೆಲ್ಲಿ ಹೋಗಬೇಕು? ಗಾಯರಾನಕ್ಕೆ ಗಾಯವಾದದ್ದರಿಂದಲೇ ಗಾಯ್ ಹಳಿಗೆ ಬಂತು. ಆ ಹುಡುಗನ ಕನ್ನಡವೇ ಸರಿ!

ಇದು ಬರೀ ದನದ ಕನಿಕರದ ಮಾತಲ್ಲ. ವೇಗದ ಗಾಡಿ ಬ್ರೇಕು ಹಾಕಿ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಡ್ರೈವರು ಕಂಡರೂ ಏನೂ ಮಾಡಲಾರ. 1984ರ ಜುಲೈ 30ರಂದು ಸ್ಕಾಟ್‌ಲೆಂಡಿನ ಪೋಲ್ಮಂಟ್ ಬಳಿ ಒಂದೇ ಒಂದು ಆಕಳಿಗೆ ಬಡಿದು ಗಾಡಿ ಹಳಿ ತಪ್ಪಿತು, 13 ಜನ ಸತ್ತರು. ನಮ್ಮ ರೈತನ ಲೆಕ್ಕ ಬೇರೆ. ಒಂದು ಖಿಲಾರಿ ಎತ್ತು ಹೋದರೆ ಮುಂದಿನ ಬಿತ್ತನೆಯೇ ಹೋಯಿತು. ಮೇಲಿಂದ ದನ ಬಿಟ್ಟವನೆಂದು ಕೇಸು. ಗುಜರಾತಿನಲ್ಲಿ ಆ ಎಮ್ಮೆಗಳ ಮಾಲೀಕರ ಮೇಲೂ ಕೇಸು ಹಾಕಿದ್ದರು.

ದನ ಬಿಟ್ಟು ಮನೆಯಲ್ಲಿ ಕುಳಿತವರನ್ನು ನಾವು ಸಮರ್ಥಿಸುವುದಿಲ್ಲ. ಕಟ್ಟಿ ಮೇಯಿಸಬೇಕು, ಇಲ್ಲವೇ ಕಾಯಬೇಕು. ಮುಂಬಯಿ–ಅಹಮದಾಬಾದ್ ಮಾರ್ಗದಲ್ಲಿ ಆಮೇಲೆ ಲೋಹದ ಬೇಲಿ ಹಾಕಿದರು, ಒಳ್ಳೆಯದೇ. ಆದರೆ ಬೇಲಿ ಹಾಕಿದರೆ ಸಾಲದು. ಊರು ಒಂದು ಕಡೆ, ಮೇವು ನೀರು ಇನ್ನೊಂದು ಕಡೆ ಇದ್ದರೆ ಬೇಲಿ ಎಲ್ಲಿ ಮುರಿದಿದೆ ಎಂದು ದನ ಹುಡುಕುತ್ತದೆ. ದನ ದಾಟಲು ಕೆಳಸೇತುವೆ ಬೇಕು. ಹಳಿ ಬದಿಗೆ ಊರಿನ ಕಸ ಸುರಿಯುವುದು ನಿಲ್ಲಬೇಕು. ಎಲ್ಲಕ್ಕಿಂತ ಮೊದಲು ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರ ಗಾಯರಾನ ಎಷ್ಟು ಎಕರೆ ಇತ್ತು, ಈಗೆಷ್ಟು ಉಳಿದಿದೆ ಎಂದು ಕೇಳಬೇಕು.

ಶಬ್ದದ ಆಟ ನಾವು ಬಿಡುವುದಿಲ್ಲ. ಗಡಿಯ ಮಕ್ಕಳಿಗೆ ಕನ್ನಡ ರುಚಿಸುವುದೇ ಇಂಥ ನಗೆಯಿಂದ. ಆದರೆ ಮುಂದಿನ ಸಲ ಗಾಡಿ ಲೇಟಾದಾಗ, ಎಷ್ಟು ಹೊತ್ತು ಎಂದು ಕೇಳುವ ಮೊದಲು, ಆ ಹುಡುಗ ಕೇಳಿದ್ದನ್ನು ನಾವೂ ಒಮ್ಮೆ ಕೇಳೋಣ: "ಆಕಳ ಏನಾತ್ರಿ?"

ಏನಂತೀರಿ?